ಸೇತುವೆಯ ಅಳತೆ

ದಿನವಿಡೀ ಊರವರ ಮೂಗು ಅಳೆಯುವವಳು ನಾನು.
ಸ್ವಿಂಡನ್ನಿನ ಕನ್ನಡಕದಂಗಡಿ, ಗಾಜಿನಾಚೆ ನವೆಂಬರು.
ಎರಡು ಕಣ್ಣಿನ ನಡುವಿನ ಎಲುಬಿಗೆ
ಇಲ್ಲಿಯವರು ಸೇತುವೆ ಅಂತಾರೆ.
ಹದಿನಾರು, ಹದಿನೆಂಟು, ಇಪ್ಪತ್ತು ಮಿಲಿಮೀಟರು.
ಬರೆದುಕೊಳ್ಳುತ್ತೇನೆ, ಚಕಾರವೆತ್ತುವುದಿಲ್ಲ.

ನನ್ನದು ಹದಿನೆಂಟು. ನಡುವೆ ಒಂದು ಗುಬುಟು.
ಹನ್ನೊಂದರ ವಯಸ್ಸು, ಗದಗಿನ ಓಣಿಯ ಬೋರಿಂಗು,
ಕೊಡ ತುಂಬಿತೆಂದು ನೀಲಕ್ಕ ಹಿಡಿಕೆ ಬಿಟ್ಟಳು;
ನಾನು ಬಗ್ಗಿದ್ದೆ.
ನೀರು ಕೆಂಪಾದದ್ದು ನೆನಪಿದೆ, ನೋವು ಇಲ್ಲ.
"ಬಿದ್ಲು" ಅಂದಳು ಮನೆಯಲ್ಲಿ.
ನಾನೂ ಬಿದ್ದೆ ಅಂದೆ.
ಮೂವತ್ತಮೂರು ವರ್ಷದಿಂದ ಬೀಳುತ್ತಲೇ ಇದ್ದೇನೆ.

ಓಲ್ಡ್ ಟೌನಿನಲ್ಲಿ, ಬ್ರೆಡ್ಡಿನಂಗಡಿಯ ಮಾಳಿಗೆ ಮೇಲೆ
ಸೂಜಿಯವಳೊಬ್ಬಳಿದ್ದಾಳೆ, ಹೆಸರು ಫಿಲಿಪ್ಪಾ.
ಹದಿನೈದು ನಿಮಿಷ, ಮುನ್ನೂರೈವತ್ತು ಪೌಂಡು.
ಗುಬುಟಿನ ಮೇಲೊಂದಿಷ್ಟು, ಕೆಳಗೊಂದಿಷ್ಟು ಜೆಲ್ಲು ತುಂಬಿ
ತಗ್ಗನ್ನೇ ದಿಬ್ಬಕ್ಕೆ ಸಮ ಮಾಡುತ್ತಾಳೆ.
ಸಣ್ಣದಾಗಿ ಕಾಣಲು ಇನ್ನಷ್ಟು ದೊಡ್ಡದಾಗಬೇಕು!
ವರ್ಷ, ವರ್ಷದ ಮೇಲೆ ಮೂರು ತಿಂಗಳು ಬಾಳಿಕೆ,
ಬೇಡವಾದರೆ ಕರಗಿಸಲೂ ಬರುತ್ತದೆ.
ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಇರಬೇಕು ಎಂದು
ನಗು ಬಂತು; ಅವಳಿಗೆ ಬಿಡಿಸಿ ಹೇಳಲಿಲ್ಲ.

ಸಹಿ ಮಾಡುವ ಕಾಗದ, ಎರಡನೇ ಪುಟ, ಸಣ್ಣಕ್ಷರ:
ಅಪರೂಪಕ್ಕೆ, ಬಲು ಅಪರೂಪಕ್ಕೆ,
ಜೆಲ್ಲು ದಾರಿ ತಪ್ಪಿ ರಕ್ತನಾಳ ಹೊಕ್ಕು
ಕಣ್ಣಿನ ಬೆಳಕು ಆರಿಸಬಹುದು.
ಕಣ್ಣುಗಳ ಋಣದ ಅನ್ನ ತಿನ್ನುವವಳು ನಾನು.
ಪೆನ್ನಿಗೆ ಕ್ಯಾಪು ಹಾಕಿ ಮರಳಿ ಕೊಟ್ಟೆ.

ಬ್ರಿಸ್ಟಲಿನ ಸರ್ಜನ್ ಕನ್ನಡಿಯನ್ನೇ ಕೊಡಲಿಲ್ಲ.
ಎಡ ಹೊಳ್ಳೆ ಒತ್ತಿ "ಉಸಿರೆಳೆಯಿರಿ" ಎಂದ,
ಬಲ ಹೊಳ್ಳೆ ಒತ್ತಿ ಮತ್ತೊಮ್ಮೆ.
ಆ ಸಲ ಬರಲಿಲ್ಲ.
"ಇಷ್ಟು ವರ್ಷ ಒಂದೇ ಕದ ತೆರೆದುಕೊಂಡು ಬದುಕಿದ್ದೀರಿ."
ಎಲುಬು ಮುರಿದು ಕೂರಿಸಬೇಕು, ಒಳಗೋಡೆ ನೆಟ್ಟಗಾಗಬೇಕು,
ಏಳು ಸಾವಿರ, ಕಣ್ಣ ಸುತ್ತ ಹತ್ತು ದಿನದ ನೀಲಿ,
ಊತ ಪೂರ್ತಿ ಇಳಿಯಲು ವರ್ಷ,
ನೂರರಲ್ಲಿ ಕೆಲವರು ಮತ್ತೆ ಮೇಜಿಗೇರುತ್ತಾರೆ.
ಆಮೇಲೆ, ಹವಾಮಾನ ಹೇಳಿದಂತೆ:
"ಆರು ವಾರ ಮೂಗಿನ ಮೇಲೆ ಕನ್ನಡಕ ಇಡುವಂತಿಲ್ಲ."

ನನ್ನ ನಂಬರು ಮೈನಸ್ ಎಂಟು.
ಕನ್ನಡಕ ತೆಗೆದರೆ ನನ್ನ ಕೈಯೇ ಯಾರದೋ.
ಹಣೆಯಿಂದ ಟೇಪು ಹಚ್ಚಿ ನೇತುಹಾಕಿಕೊಳ್ಳಬಹುದಂತೆ.
ಹಾಗೆ ನೇತುಹಾಕಿಕೊಂಡು ಕನ್ನಡಕ ಮಾರುವುದನ್ನು
ಊಹಿಸಿಕೊಳ್ಳಿ.

ಬೆಳಗಿನ ಬಸ್ಸು, ಐದು ಪುಟ್ಟ ವೃತ್ತಗಳ
ಆ ದೊಡ್ಡ ವೃತ್ತ ಸುತ್ತುವಾಗ ನೀಲಕ್ಕನಿಗೆ ಫೋನು ಮಾಡಿದೆ.
ನೆಗಡಿಯಾಯಿತೆಂದು ಮೂಗು ಕೊಯ್ಕೊಂತಾರೇನು ಎಂದು
ಬಯ್ಯುತ್ತಾಳೆಂದು ಕಾದೆ.
ಆ ಕಡೆ ಕುಕ್ಕರು ಎರಡು ಸಲ ಕೂಗಿತು.
"ಎಷ್ಟ್ ಆಗ್ತದ?"
ಹೇಳಿದೆ.
"ಅರ್ಧಾ ನಾ ಕೊಡ್ತೀನಿ."
ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ನನ್ನ ಸ್ಟಾಪು ಹಿಂದಾಗಿತ್ತು.

ಮಧ್ಯಾಹ್ನ ಡೊರೀನ್ ಬಂದಳು, ಎಂಬತ್ತರ ಮುದುಕಿ,
ಫ್ರೇಮು ಜಾರುತ್ತದೆಂಬ ಅದೇ ದೂರು.
ಅವಳದು ಸಂಪಿಗೆ ಮೂಗು; ನೇರ, ನುಣುಪು,
ಏನಿಟ್ಟರೂ ನಿಲ್ಲುವುದಿಲ್ಲ.
"ನಿನ್ನದು ನೋಡು, ಎಷ್ಟು ಗಟ್ಟಿ ಕೂತಿದೆ" ಎಂದಳು,
ನಿಜವಾದ ಹೊಟ್ಟೆಕಿಚ್ಚಿನಿಂದ.
ಹೌದು, ಗುಬುಟಿನ ಉಪಕಾರವದು. ಕನ್ನಡಕ ಬಂದಂದಿನಿಂದ
ಒಂದು ದಿನ ಜಾರಗೊಟ್ಟಿಲ್ಲ.
ಪ್ಯಾಡು ಬದಲಿಸಿದೆ, ಕಿವಿಯ ಬಳಿ ಕಡ್ಡಿ ಬಗ್ಗಿಸಿದೆ,
ದುಡ್ಡು ಬೇಡವೆಂದೆ.

ಅಂಗಡಿ ಮುಚ್ಚುವ ಹೊತ್ತಿಗೆ ಆರ್ಡರ್ ಪುಸ್ತಕ ತೆರೆದು
ಗಿರಾಕಿಯ ಜಾಗದಲ್ಲಿ ನನ್ನ ಹೆಸರು ಬರೆದೆ.
ಬಣ್ಣ: ಕಂದು. ಲೆನ್ಸು: ಮೈನಸ್ ಎಂಟು, ತೆಳುವಿನದು.
ಸೇತುವೆ: ಹದಿನಾರು.
ಯಾವಾಗ ಬೇಕು: ಮಾರ್ಚಿಗೆ.
ಪುಸ್ತಕ ಮುಚ್ಚಿ, ಮತ್ತೆ ತೆರೆದು
ಕೆಳಗೆ ಸೇರಿಸಿದೆ:
ಜಾರದಂಥ ಪ್ಯಾಡು, ಎರಡು ಜೊತೆ.