ಅರವತ್ತರ ತನಕ

"ತಂತಿ ಕಿತ್ತರೆ ಸಾಯುತ್ತದೆ" ಅಂದಳು ಬಾನಾ ಕಪೆಂಬ್ವ,
ಚಿತೆಂಗೆ ಬಟ್ಟೆಯ ಗಂಟು ಬಿಚ್ಚಿ
ಬೆನ್ನ ಮೇಲಿಂದ ಕೂಸನ್ನಿಳಿಸಿದ ಹಾಗೆ
ಲ್ಯಾಪ್‌ಟಾಪನ್ನು ನನ್ನ ಮೇಜಿಗಿಳಿಸಿ.
"ತೂಕಡಿಕೆ ಇಲ್ಲ, ಮುನ್ಸೂಚನೆ ಇಲ್ಲ. ಒಂದೇ ಸಲಕ್ಕೆ ಕತ್ತಲೆ."

ಕಿತ್ವೆಯ ಚಿಸೊಕೋನೆ ಸಂತೆಯಲ್ಲಿ
ಕ್ಷೌರದಂಗಡಿಗೆ ಬೆನ್ನು ಕೊಟ್ಟ ಮೇಜು ನನ್ನದು.
ಅವನ ಕೂದಲು ನನ್ನ ಬೋರ್ಡುಗಳ ಮೇಲೆ,
ನನ್ನ ಸ್ಕ್ರೂಗಳು ಅವನ ಗಿರಾಕಿಗಳ ಚಪ್ಪಲಿಯಲ್ಲಿ.
ಕರೆಂಟು ಇಬ್ಬರಿಗೂ ಒಂದೇ ಸಾಕೆಟ್ಟಿನದು.

ಅವಳು ಶವಸಂಸ್ಕಾರ ಸಂಘದ ಕಾರ್ಯದರ್ಶಿ.
ನೂರಾ ಹನ್ನೆರಡು ಮನೆಗಳ ಚಂದಾ,
ಯಾರ ಪೆಟ್ಟಿಗೆಗೆ ಎಷ್ಟು, ಬಸ್ಸಿಗೆ ಎಷ್ಟು,
ಯಾರು ಕೊಡದೆ ಉಳಿದಿದ್ದಾರೆ, ಆದರೂ ಸತ್ತರೆ ಬಿಡುವಂತಿಲ್ಲ,
ಎಲ್ಲ ಇದರೊಳಗೆ.
ಅವಳ ಬೀದಿಗೆ ಕರೆಂಟು ಬರುವುದು ರಾತ್ರಿ ಎರಡಕ್ಕೆ, ಹೋಗುವುದು ಐದಕ್ಕೆ.
ನಾಲ್ಕು ತಿಂಗಳು ಎರಡಕ್ಕೆ ಎದ್ದು
ಸತ್ತವರ ಲೆಕ್ಕ ಬರೆದಿದ್ದಾಳೆ.

"ಒಬ್ಬ ಹೊಸ ಬ್ಯಾಟರಿ ಅಂದ, ಸಾವಿರದ ಇನ್ನೂರು ಕ್ವಾಚಾ.
ಇನ್ನೊಬ್ಬ ಬೋರ್ಡೇ ಹೋಗಿದೆ ಅಂದ.
ನೀನೇನು ಅನ್ನುತ್ತೀ, ಚಿಸಂಗ?"

ಏನೂ ಅನ್ನಲಿಲ್ಲ. ಬೇರೆ ಚಾರ್ಜರ್ ಚುಚ್ಚಿದೆ.
ಪರದೆಯ ಮೂಲೆಯಲ್ಲಿ ನೂರಕ್ಕೆ ತೊಂಬತ್ತಾರು,
ಉಂಡೆ ಅನ್ನುವವನ ತೇಗು.
ತಂತಿ ಕಿತ್ತೆ: ಕತ್ತಲೆ.
ಡ್ರೈವರ್ ಅಳಿಸಿ ಮತ್ತೆ ಕೂರಿಸಿದೆ. ಕಿತ್ತೆ: ಕತ್ತಲೆ.
ಹತ್ತು ಸ್ಕ್ರೂ. ಒಂಬತ್ತು ಬಂದವು; ಹತ್ತನೆಯದರ ತಲೆಯನ್ನು
ನನಗಿಂತ ಮುಂಚಿನವನು ಸವೆಸಿಟ್ಟಿದ್ದ,
ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಿದೆ.
ಒಳಗೆ ಬ್ಯಾಟರಿ ಊದಿಲ್ಲ, ಬೆವರಿಲ್ಲ.
ಹಳೇ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ
ಕನೆಕ್ಟರಿನ ಹಲ್ಲುಜ್ಜಿದೆ. ಮೀಟರಿನ ಕಡ್ಡಿ ಮುಟ್ಟಿಸಿದೆ:
ಹನ್ನೊಂದೂವರೆ ವೋಲ್ಟು, ಕೂದಲೆಳೆಯಷ್ಟು ಕಡಿಮೆ.

ಬಾವಿಯಲ್ಲಿ ನೀರಿದೆ.
ಸೇದುವವಳು ಮುನಿಸಿಕೊಂಡಿದ್ದಾಳೆ.

ಮುಚ್ಚಿ, ಮಗುಚಿ ನೋಡಿದೆ. ಬೆನ್ನಿನಲ್ಲೊಂದು ತೂತು,
ಇರುವೆ ಕೂಡ ಬಗ್ಗಿ ಹೋಗಬೇಕು ಅಷ್ಟು ಕಿರಿದು,
ಪಕ್ಕದಲ್ಲಿ ಸವೆದುಹೋದ ಬ್ಯಾಟರಿಯ ಚಿತ್ರ.
ಅವಳ ರಸೀತಿಗಳ ಕ್ಲಿಪ್ಪನ್ನೇ ಕಿತ್ತು, ನೆಟ್ಟಗೆ ಮಾಡಿ,
ತೂರಿಸಿ, ಒತ್ತಿ ಹಿಡಿದೆ.
"ಅರವತ್ತರ ತನಕ ಎಣಿಸಿ" ಅಂದೆ.

ಅವಳು ಅಂಕಿ ಎಣಿಸಲಿಲ್ಲ. ಮನೆ ಎಣಿಸಿದಳು:
ಚಿಲೆಶೆ, ಲೊಂಬೆ, ಕತೊಂಗೊ ಹಿರಿಯ, ಕತೊಂಗೊ ಕಿರಿಯ,
ಮೂಲೆಮನೆಯ ಹೊಲಿಗೆಯವಳು...
ನಲವತ್ತೊಂದನೆಯ ಮನೆಗೆ ತಡೆದಳು.
"ಅದನ್ನು ಬಿಡು" ಅಂದು ಮುಂದೆ ಹೋದಳು.
ಹಾಗಾಗಿ ನನ್ನ ಅರವತ್ತು
ಅರವತ್ತೋ ಐವತ್ತೊಂಬತ್ತೋ.

ಬೆರಳು ತೆಗೆದೆ. ತಂತಿ ಚುಚ್ಚಿದೆ, ಹೊತ್ತಿತು.
ಕಿತ್ತೆ.
ಬೆಳಕು ಅಲ್ಲೇ ಕೂತಿತ್ತು,
ಏನು ಎಲ್ಲರೂ ನನ್ನನ್ನೇ ನೋಡುತ್ತೀರಿ ಅನ್ನುವ ಹಾಗೆ.

"ಎಷ್ಟಾಯಿತು?"
"ಏನೂ ಬೇಡ. ಕ್ಲಿಪ್ಪೂ ನಿಮ್ಮದೇ."
ಅವಳಿಗೆ ಸಿಟ್ಟು ಬಂತು.
"ನಾಲ್ಕು ತಿಂಗಳ ನಿದ್ದೆ ಹೋದದ್ದು ಇಷ್ಟಕ್ಕಾ? ಅದೂ ಪುಕ್ಕಟೆ?
ನನ್ನ ಮರ್ಯಾದೆಗಾದರೂ ಏನಾದರೂ ತಗೋ."
ಐವತ್ತು ಕ್ವಾಚಾ ತೆಗೆದುಕೊಂಡೆ.
ರಸೀತಿ ಕೇಳಿದಳು. ದುರಸ್ತಿ ಎಂದು ಬರೆದುಕೊಟ್ಟೆ.

ಹೋದ ಶುಕ್ರವಾರ ಟೊಮೇಟೊ ರಾಶಿಯ ಮುಂದೆ ಸಿಕ್ಕಳು.
ಈಗ ಸಂಜೆ ಏಳಕ್ಕೇ ಲೆಕ್ಕ ಮುಗಿಯುತ್ತದಂತೆ, ಕತ್ತಲಲ್ಲೇ.
ಎರಡರ ಎಚ್ಚರ ಮಾತ್ರ ತಪ್ಪಿಲ್ಲ.
ಎದ್ದು ಸುಮ್ಮನೆ ಕೂರುತ್ತಾಳಂತೆ,
ಫ್ರಿಜ್ಜು ಮೈ ಕೊಡವಿ ಶುರುವಾಗುವ ತನಕ.
"ಅದಕ್ಕೊಂದು ತೂತು ಎಲ್ಲಿದೆ ಹೇಳು ನೋಡೋಣ" ಅಂದಳು
ಅರ್ಧ ನಗುತ್ತ,
ಟೊಮೇಟೊ ಒಂದೊಂದನ್ನೇ ಒತ್ತಿ ನೋಡುತ್ತ.