ಹಸಿರು ಜರಿಯ ನೊಣ

ಶಿವರಾತ್ರಿ ಮುಗಿದು ಎಂಟು ದಿನ.
ಚಳಿ ಶಿವಶಿವಾ ಅಂತ ಹೋಯಿತು ಅನ್ನುತ್ತಾರೆ ಜನ,
ಹೊಳೆಗೆ ಇನ್ನೂ ಯಾರೂ ತಿಳಿಸಿಲ್ಲ.
ಮೊಣಕಾಲಮಟ ಇಳಿದು ನಿಂತರೆ
ಎಲುಬಿನೊಳಗೆ ಸೂಜಿ ಓಡಿಸುತ್ತಾಳೆ ಭೀಮೆ,
ಒಂದೇ ಅಳತೆಯ ಹೊಲಿಗೆ, ಕೈ ತಪ್ಪದೆ.

ಅಂಗಡಿಯಲ್ಲಿ ನಲವತ್ತೊಂದು ರವಿಕೆ ಬಾಕಿ.
ಲಗ್ನದ ಸುಗ್ಗಿ.
ಸ್ಟೇಷನ್ ರೋಡಿನ ಷಟರ್ ಎತ್ತಲು ಇನ್ನೂ ಮೂರು ತಾಸು.
ಸೈಕಲ್ಲಿಗೆ ಬಿದಿರ ಕೋಲು ಕಟ್ಟಿಕೊಂಡು
ಯಾದಗಿರಿಯ ಬ್ರಿಜ್ಜಿನ ಕೆಳಗೆ ಬಂದಿದ್ದೇನೆ,
ನಾನು, ಮಶಾಕ ಟೇಲರ್,
ಜೇಬಿನ ಬೆಂಕಿಪೊಟ್ಟಣದಲ್ಲಿ ಒಂದು ನೊಣ.

ಹುಟ್ಟಿದ ನೊಣವಲ್ಲ. ಹೊಲಿದದ್ದು.
ರಾತ್ರಿ ಕರೆಂಟು ಹೋದಾಗ, ಮೊಬೈಲಿನ ಬೆಳಕಲ್ಲಿ,
ಗಾಳದ ಬೆನ್ನಿಗೆ ಬಾಬಿನ್ನಿನ ಕರಿದಾರ,
ಪಕ್ಕದ ಮನೆಯ ಹುಂಜ ಜಗಳದಲ್ಲಿ ಬಿಟ್ಟುಹೋದ
ಕತ್ತಿನ ಪುಕ್ಕ ಎರಡು,
ಸೇಡಂ ಕಡೆಯ ಮದುವಣಗಿತ್ತಿಯ ರವಿಕೆಯಲ್ಲಿ ಉಳಿದ
ಹಸಿರು ಜರಿ, ಉಗುರಿನಷ್ಟು.
ಸುತ್ತು, ಬಿಗಿ, ಹಲ್ಲಿಂದ ಕಡಿ.
ಇಷ್ಟು ಚಿಕ್ಕ ಗಿರಾಕಿಗೆ
ಇಷ್ಟು ತಾಳ್ಮೆಯಿಂದ ಹೊಲಿದದ್ದಿಲ್ಲ ನಾನು.

ಹಯ್ಯಾಳಪ್ಪ ಹರಗೋಲಿನಲ್ಲಿ ಕೂತು ಬಲೆಯ ಸಿಕ್ಕು ಬಿಡಿಸುತ್ತಾನೆ.
ಅಪ್ಪನ ಕಾಲದಿಂದ ಅವನದೇ ಹೊಳೆ.
"ಎರಿಹುಳ ಇಲ್ಲ, ಜ್ವಾಳದ ಹಿಟ್ಟಿಲ್ಲ,
ಬರೇ ಪುಕ್ಕ ತೋರಿಸಿ ಕರೀತಿಯಲ್ಲೋ ಮಶಾಕ,
ಮೀನಿಗೂ ಸುಳ್ಳು ಹೇಳಾಂವ ಅದಿ ನೀ."
ಬಲೆ ಏನು ಖರೆ ಹೇಳುತ್ತದೇನು?
ಕೇಳುವುದಿಲ್ಲ. ಬೀಡಿ ಇರುವುದು ಅವನ ಹತ್ತಿರ.

ನೀರು ಇಳಿದಿದೆ. ಬಂಡೆಗಳು
ಮಲಗಿದ ಎಮ್ಮೆಗಳ ಹಾಗೆ ಬೆನ್ನು ತೋರಿಸಿವೆ.
ಆಚೆ ದಂಡೆಯ ಮುತ್ತುಗಕ್ಕೆ ಎಲೆಯೇ ಇಲ್ಲ, ಬರೀ ಹೂ.
ಒಂದು ಕಳಚಿ ಸುಳಿಗೆ ಬಿತ್ತು.
ಅದರ ಕೆಳಗೆ ಏನೋ ಬಾಯಿ ತೆರೆದು
ರುಚಿ ನೋಡಿ ಉಗುಳಿತು.
ಅಲ್ಲಿದೆ.

ಕೋಲು ಹಿಂದಕ್ಕೆ. ನೆತ್ತಿಯ ಮೇಲೆ ದಾರ
ಪೂರ್ತಿ ಬಿಚ್ಚಿಕೊಳ್ಳುವತನಕ ಉಸಿರು ಹಿಡಿ.
ಆಮೇಲೆ ಮುಂದಕ್ಕೆ, ಮೇಜಿನ ಮೇಲೆ ಟೇಪು ಹಾಸಿದ ಹಾಗೆ.
ಮೊದಲ ಸಲ ನನ್ನ ಕಿವಿಯೇ ಸಿಕ್ಕಿತು.
ಎರಡನೆಯ ಸಲ ಜಾಲಿಮುಳ್ಳು.
ಆರನೆಯದೋ ಏಳನೆಯದೋ, ನೊಣ ಸದ್ದಿಲ್ಲದೆ ಇಳಿದು
ತೇಲಿತು, ಜರಿಯಲ್ಲಿ ಆಗಷ್ಟೇ ಹುಟ್ಟಿದ ಬೆಳಕು.

ಹೈದರಾಬಾದಿನ ಗಾಡಿ ಬ್ರಿಜ್ಜು ಏರಿತು.
ಕಂಬ ನಡುಗಿತು, ನೀರು ನಡುಗಿತು,
ಕಿಟಕಿಗಳು ಸಾಲಾಗಿ ಹೊಳೆಯ ಮೇಲೆ ಓಡಿದವು.
ಆ ಗದ್ದಲದಲ್ಲೇ
ಕೆಂಡೆ ಬಂತು.

ಕೈಗೆ ಹತ್ತಿದ್ದು ಭಾರವಲ್ಲ, ಸಿಟ್ಟು.
ಕೋಲಿನ ತುದಿ ಬಾಗಿ ನೀರು ಮುಟ್ಟಿತು.
"ಸಡ್ಲ ಬಿಡೋ! ಬಿಡೋ!" ಹರಗೋಲಿನಲ್ಲಿ ಎದ್ದು ನಿಂತ ಹಯ್ಯಾಳಪ್ಪ.
ಬಿಡುವುದು ನನಗೆ ಬಾರದು,
ಬಿಗಿ ಮಾಡುವುದೇ ಕಸುಬು.
ಟಪ್.
ರವಿಕೆಯ ಹುಕ್ಕು ಕಿತ್ತ ಸದ್ದು, ಅಷ್ಟೇ.

ಅವತ್ತು ಮೂರು ರವಿಕೆ ಮುಗಿಸಿದೆ.
ಕಂಕುಳಲ್ಲಿ ಅರ್ಧ ಬೆರಳು ಸಡಿಲ ಬಿಟ್ಟೆ, ಮೂರಕ್ಕೂ,
ಯಾರೂ ಕೇಳಿರಲಿಲ್ಲ.

ಹೋಳಿ ಆದ ಮರುದಿನ ಹಯ್ಯಾಳಪ್ಪ ಅಂಗಡಿಗೆ ಬಂದ,
ಕಿವಿಯ ಹಿಂದೆ ತೊಳೆಯದೆ ಉಳಿದ ಗುಲಾಬಿ.
ಮುಷ್ಟಿ ಬಿಚ್ಚಿ ಕತ್ತರಿಯ ಪಕ್ಕ ಇಟ್ಟ.
ಪುಕ್ಕ ಸವೆದು ಕಡ್ಡಿ. ಜರಿ ಹಾಗೇ.
"ರಾತ್ರಿ ಬಲಿಗಿ ಬಿತ್ತು. ತುಟಿಗಿ ನಿನ್ನ ನತ್ತು ಹಾಕ್ಕೊಂಡು."
"ಮೀನು?"
"ಮಾರಿದೆ. ಎರಡೂವರಿ ಕಿಲೋ.
ನತ್ತಿಗಿ ಯಾರೂ ರೊಕ್ಕ ಕೊಡಲಿಲ್ಲ."

ಅಳತೆ ಕೊಡಲು ನಿಂತ ಹೆಂಗಸು ಬಗ್ಗಿ ನೋಡಿದಳು.
"ಏನ್ರಿ ಇದು, ಹೊಸ ಡಿಸೈನಾ?"
ಸುಳ್ಳು, ಅಂದೆ.
ಬೆರಳಲ್ಲಿ ತಿರುಗಿಸಿ, ದೀಪಕ್ಕೆ ಹಿಡಿದು
"ಹೊಲಿಗಿ ಭಾಳ ಛಲೋ ಅದ," ಅಂದಳು.