ಬೇಯದ ಬಂಗಾರ

ರಾಯಚೂರಿನ ಮದಾರಬಿ
ಮೂರು ಬಸ್ಸು ಬದಲಿಸಿ ಕಿನ್ನಾಳಕ್ಕೆ ಬಂದಳು.
ಮಡಿಲಲ್ಲೊಂದು ಹೂಜಿ, ಹಳೇ ದುಪ್ಪಟಿಯೊಳಗೆ
ಕುದುರೆಯ ಮೂತಿ ಮಾತ್ರ ಹೊರಗೆ.
ಕಿಟಕಿ ಸೀಟು ಅದಕ್ಕೇ ಕೊಟ್ಟಿದ್ದಳಂತೆ.

‘ಮಾವನ ಅಜ್ಜ ಹಜ್ಜಿಗೆ ಹೋದಾಗ ತಂದದ್ದು.
ತುರ್ಕರ ಸೀಮಿದು. ಕಡಲು ನಡ ಸಣ್ಣ ಮಾಡಿಕೊಂಡು
ಹಾಯೋ ಜಾಗದಾಗ ಒಂದೂರು, ಚನಕ್ಕಲೆ.
ಗಡಗಿಕೋಟಿ ಅಂತ ಅರ್ಥ.
ಇದರ ಮ್ಯಾಲೆ ಹೂವಿದ್ದವು. ಬರದು ಕೊಡು.’

ನಮ್ಮದು ಕಟ್ಟಿಗೆಯ ಕುಲ; ಬೆಂಕಿ ಕಂಡರೆ ದೂರ.
ಆದರೂ ಕೈಗೆ ತಗೊಂಡೆ.
ತಳದಲ್ಲಿ, ಮೆರುಗು ಹತ್ತದ ಕಡೆ, ಕೆಂಪು ಮಣ್ಣು,
ಸಂಡೂರಿನ ಲಾರಿಗಳಿಗೆ ಮೆತ್ತಿರುವಂಥದು.
ಅದರ ಮೇಲೆ ಬಿಳಿಮಣ್ಣಿನ ತೆಳುಹಾಲು,
ಗೊಂಬೆಗೆ ನಾನು ಸುದ್ದೆ ಬಳಿದಂತೆಯೇ.
ಎದೆಗೆ ಉಬ್ಬು ಗುಲಾಬಿ, ಬೇರೆ ಮಾಡಿ ಅಂಟಿಸಿದ್ದು,
ಕಿಟ್ಟದಲ್ಲಿ ನಾನು ಸರ ಎಳೆದ ಹಾಗೆ.
ಆಮೇಲೆ ಸೀಸದ ಹಸಿರು ಮೆರುಗು. ಆಮೇಲೆ ಬೆಂಕಿ.
ಅಲ್ಲಿವರೆಗೆ ಒಬ್ಬ ಕುಂಬಾರನ ಕೆಲಸ.

ಬೆಂಕಿ ಆರಿದ ಮೇಲೆ ಇನ್ನೊಬ್ಬ ಬಂದಿದ್ದಾನೆ.
ಅಥವಾ ಒಬ್ಬಳು. ಗಾಜಿನ ಮೈಮೇಲೆ
ಎಣ್ಣೆಬಣ್ಣ, ಬಂಗಾರ, ಹಸಿಹಸಿಯಾಗಿ ಎಳೆದು
ಸುಡದೇ ಸಂತೆಗೆ ಬಿಟ್ಟಿದ್ದಾರೆ.

‘ಯಾತರಿಂದ ತೊಳೀತಿದ್ರಿ?’
‘ಹುಣಸಿಹಣ್ಣು. ತಾಮ್ರದ ತಂಬಿಗಿ ಜೋಡಿ.
ನಲವತ್ತು ರಮಜಾನು.’
ಅಂಗೈ ನೋಡಿಕೊಂಡಳು,
ಅಲ್ಲೇನಾದರೂ ಉಳಿದಿದೆಯೋ ಎಂಬಂತೆ.

ಹುಣಸೆಯ ಬೀಜ ಅರೆದು ನಾನು
ಮರದ ಕೈಗಳನ್ನು ಮೈಗೆ ಕೂಡಿಸುತ್ತೇನೆ.
ಹುಣಸೆಯ ಹಣ್ಣು, ನೋಡಿ, ಅಲ್ಲಿ ಹೂವು ತಿಂದಿದೆ.

ಕನ್ನಡಿ ಒರೆಸುವವರಂತೆ
ಹೂಜಿಯ ಹೊಟ್ಟೆಗೆ ಬಾಯಿ ತಂದು ಹಾ ಎಂದೆ.
ಮಂಜು ಕೂತಿತು. ಮಂಜಿನೊಳಗೆ
ಐದೆಸಳು, ಬಳುಕಿದ ದಂಟು, ತುದಿಯಲ್ಲಿ
ಬರೆದವರ ಕೈ ನಡುಗಿ ದಪ್ಪಾದ ಒಂದೆಲೆ.
‘ಅದೇ!’ ಅಂದಳು. ಅಷ್ಟರಲ್ಲಿ ಹೋಯಿತು.
ಇನ್ನೊಮ್ಮೆ ಹಾ. ಇನ್ನೊಮ್ಮೆ. ಅವಳೂ.
ಒಳಗಿಂದ ಬಂದ ಮಗ,
ಇಬ್ಬರು ಮುದುಕರು ಕುದುರೆಗೆ ಉಸಿರು ಕೊಡುವುದ ಕಂಡು
ನಕ್ಕು ಹೊರಗೆ ಹೋದ.

ತವರದ ತಗಡು ತೆಳ್ಳಗೆ ಬಡಿದು
ಮೇಲೆ ಹಳದಿ ಎಣ್ಣೆ ಕೊಟ್ಟರೆ
ನೂರು ವರ್ಷ ಜಗ್ಗದ ಹೂ ಬರೆದೇನು, ಅಂದೆ.

ಮದಾರಬಿ ಸೆರಗಿನ ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು.
‘ಅಷ್ಟೆಲ್ಲಾ ಬ್ಯಾಡ. ಒಂದ ಹೂ ಬರಿ.
ಗಟ್ಟಿ ಮಾಡಬ್ಯಾಡ.
ಮೊಮ್ಮಗಳು ತೊಳೀಲಿ.’

ಕೂಲಿಯ ಮಾತು ಇಬ್ಬರಿಗೂ ನೆನಪಾಗಲಿಲ್ಲ.
ಅಳಿಲಿನ ಬಾಲದ ಕುಂಚ ತೊಯ್ಸಿ
ನಡುಗಿದ ಆ ಎಲೆಯನ್ನೇ
ಮೊದಲು ಬರೆದೆ, ದಪ್ಪಗೆ.